ಪಾಯಿಂಟ್ ಎಷ್ಟು ಅಂತ ಹೇಳ್ತಾರೆ, ರೂಪಾಯಿ ಎಷ್ಟು?

"ಯಾವ ಕ್ರೆಡಿಟ್ ಕಾರ್ಡ್ ಒಳ್ಳೇದು?" ಆಫೀಸಿನವರು ಕೇಳುತ್ತಾರೆ, ನೆಂಟರು ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. ನಾನು ಮೈಸೂರಿನ ಒಂದು ಸಣ್ಣ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುವವಳು. ಹಾಗಾಗಿ ಇವಳಿಗೆ ಗೊತ್ತಿರುತ್ತದೆ ಅಂತ ಅವರ ನಂಬಿಕೆ. ನಾನು ಕಾರ್ಡ್‌ನ ಹೆಸರು ಹೇಳುವುದಿಲ್ಲ. ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿ ಅನ್ನುತ್ತೇನೆ. ನಿಮ್ಮ ದುಡ್ಡು ಎಲ್ಲಿ ಹೋಗುತ್ತಿದೆ ಅಂತ ಗೊತ್ತಾಗದೆ ಯಾವ ಕಾರ್ಡ್ ಅಂತ ಹೇಗೆ ಹೇಳುವುದು?

ಯೂಟ್ಯೂಬ್‌ನಲ್ಲಿ, ಜಾಹೀರಾತಿನಲ್ಲಿ, ಮಾಲ್‌ನ ಬಾಗಿಲಲ್ಲಿ ಟೇಬಲ್ ಹಾಕಿಕೊಂಡು ನಿಂತಿರುವ ಹುಡುಗರ ಬಾಯಲ್ಲಿ ಬರುವುದೆಲ್ಲ ಕಾರ್ಡ್‌ನ ಗುಣಗಾನ. ಇಷ್ಟು ಪಾಯಿಂಟ್, ಅಷ್ಟು ಮೈಲ್ಸ್ (ಪ್ರಯಾಣಕ್ಕೆ ಬಳಸುವ ಪಾಯಿಂಟ್), ವಿಮಾನ ನಿಲ್ದಾಣದಲ್ಲಿ ಕೂತು ತಿಂಡಿ ಕಾಫಿ ಮುಗಿಸುವ ಲೌಂಜ್ ಫ್ರೀ. ಅವರು ಹೇಳುವುದು ಸುಳ್ಳಲ್ಲ. ಆದರೆ ಆ ಕಾರ್ಡ್‌ಗೆ ತಕ್ಕ ಹಾಗೆ ಖರ್ಚು ಮಾಡುವ ಮನೆಗೆ ಮಾತ್ರ ಆ ಲಾಭ ಸಿಗುತ್ತದೆ. ನಮ್ಮ ಕಡೆಯ ಹೆಚ್ಚಿನ ಸಂಬಳದಾರರ ಮನೆಗಳ ಖರ್ಚು ಹಾಗಿಲ್ಲ. ದಿನನಿತ್ಯದ ಖರ್ಚೇ ಜಾಸ್ತಿ ಇರುವ ಮನೆಗೆ ಸೀದಾ ರೂಪಾಯಿ ಲೆಕ್ಕದಲ್ಲಿ ವಾಪಸ್ ಕೊಡುವ ಕ್ಯಾಶ್‌ಬ್ಯಾಕ್ ಕಾರ್ಡೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಪ್ರಯಾಣದ ಕಾರ್ಡ್ ತಗೊಳ್ಳಬೇಕಾದವರು ಬೇರೆ ಇದ್ದಾರೆ. ಅವರ ಬಗ್ಗೆ ಆಮೇಲೆ ಬರೆಯುತ್ತೇನೆ.

ಮೊದಲು ನಮ್ಮ ಅಕ್ಕನ ಮನೆಯ ಲೆಕ್ಕ. ಅಕ್ಕ ಭಾವ ಇರುವುದು ಶಿವಮೊಗ್ಗದಲ್ಲಿ. ಭಾವನಿಗೆ ಒಂದು ಟ್ರಾವೆಲ್ ಕಾರ್ಡ್ ಮೇಲೆ ಮನಸ್ಸಾಗಿತ್ತು. ಬೆಂಗಳೂರಿಗೆ ಹೋದಾಗ ಮಾಲ್‌ನಲ್ಲಿ ಯಾರೋ ಕರಪತ್ರ ಕೊಟ್ಟಿದ್ದರಂತೆ.

"ನೋಡಮ್ಮ, 100 ರೂಪಾಯಿಗೆ 2 ಮೈಲ್ಸ್. ವಿಮಾನದ ಟಿಕೆಟ್, ಹೋಟೆಲ್‌ಗೆ 5. ಮೇಲೆ ಲೌಂಜ್ ಬೇರೆ," ಅಂದರು ಭಾವ.

"ನಾವು ವಿಮಾನ ಹತ್ತೋದು ವರ್ಷಕ್ಕೆ ಒಂದ್ಸಲ. ಆ ಒಂದ್ಸಲಕ್ಕೆ ಇಷ್ಟೆಲ್ಲಾ ಯಾಕ್ರೀ?" ಅಂದಳು ಅಕ್ಕ.

ಊಟದ ಮೇಜಿನ ಮೇಲೆ ಸ್ಟೇಟ್‌ಮೆಂಟ್ ಹರಡಿಕೊಂಡು ಕೂತೆವು. ಅಕ್ಕ ಮಗಳ ಹೈಲೈಟರ್ ತಂದಳು. ಆನ್‌ಲೈನ್ ಖರ್ಚಿಗೆ ಹಳದಿ, ಅಂಗಡಿಗೆ ಹಸಿರು, ಕಾರ್ಡ್‌ನಿಂದ ಏನೂ ಸಿಗದ ಖರ್ಚಿಗೆ ಗುಲಾಬಿ. ತಿಂಗಳಿಗೆ ಸರಾಸರಿ 40,000 ರೂಪಾಯಿ ಖರ್ಚು ಬಂತು. ಅದರಲ್ಲಿ ಆನ್‌ಲೈನ್‌ನಲ್ಲಿ ತರಿಸುವ ಬಟ್ಟೆ, ಔಷಧಿ, ದಿನಸಿ ಎಲ್ಲ ಸೇರಿ 12,000. ಊರಿನ ಅಂಗಡಿಗಳಲ್ಲಿ 11,000. ಪೆಟ್ರೋಲ್ 4,000. ಗ್ಯಾಸ್, ಇಂಟರ್ನೆಟ್, ಮೊಬೈಲ್ ಸೇರಿ 2,000. ಶಾಲೆಯ ಫೀ ಮತ್ತು ಇನ್ಶೂರೆನ್ಸ್ ಅನ್ನು ತಿಂಗಳಿಗೆ ಹಂಚಿದರೆ 11,000. ಕರೆಂಟ್ ಬಿಲ್ಲಿನ ಜಾಗದಲ್ಲಿ ಸೊನ್ನೆ. ಗೃಹಜ್ಯೋತಿ ಬಂದ ಮೇಲೆ ಅವರ ಮೆಸ್ಕಾಂ ಬಿಲ್ ಸೊನ್ನೆಯೇ ಬರುತ್ತಿದೆ. ಕರೆಂಟ್ ಬಿಲ್ ಕಟ್ಟಿದರೆ ಕ್ಯಾಶ್‌ಬ್ಯಾಕ್ ಅನ್ನುವ ಆಫರ್‌ಗಳಿಂದ ಆ ಮನೆಗೆ ಏನೂ ಉಪಯೋಗವಿಲ್ಲ.

ಗುಲಾಬಿ ಬಣ್ಣ ಎಷ್ಟಿದೆ ಅಂತ ನೋಡಿ ಭಾವನಿಗೆ ಆಶ್ಚರ್ಯ. ಪೆಟ್ರೋಲ್‌ಗೆ ಹೆಚ್ಚಿನ ಕಾರ್ಡ್‌ಗಳು ಪಾಯಿಂಟ್ ಕೊಡುವುದಿಲ್ಲ. ಬಂಕ್‌ನಲ್ಲಿ ಬೀಳುವ ಶೇ 1 ಸರ್‌ಚಾರ್ಜ್ ಮನ್ನಾ ಮಾಡುತ್ತವೆ, ಅಷ್ಟೇ. ಅದರ ಮೇಲಿನ ಜಿಎಸ್‌ಟಿ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಮನೆ ಬಾಡಿಗೆ, ವಾಲೆಟ್‌ಗೆ ದುಡ್ಡು ತುಂಬುವುದು, ಇನ್ಶೂರೆನ್ಸ್, ಶಾಲೆಯ ಫೀ, ಸರ್ಕಾರಿ ಪಾವತಿ, ಇವಕ್ಕೆ ಬಹಳಷ್ಟು ಕಾರ್ಡ್‌ಗಳಲ್ಲಿ ಏನೂ ಇಲ್ಲ, ಇದ್ದರೂ ತೀರಾ ಕಡಿಮೆ. ಬಾಡಿಗೆ ಕಟ್ಟಿದರೆ ಉಲ್ಟಾ ಶೇ 1ರಷ್ಟು ಶುಲ್ಕ ಹಾಕುವ ಬ್ಯಾಂಕ್‌ಗಳೂ 2022ರಿಂದ ಜಾಸ್ತಿಯಾದವು. ಕರಪತ್ರದಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು ಪಾಯಿಂಟ್. ಯಾವುದಕ್ಕೆ ಪಾಯಿಂಟ್ ಇಲ್ಲ ಅನ್ನುವ ಪಟ್ಟಿ ಇರುವುದು ನಿಯಮಗಳ ಕಡತದ ಒಳಗೆಲ್ಲೋ. ನಾನು ಯಾವ ಕಾರ್ಡ್ ನೋಡಿದರೂ ಮೊದಲು ತೆಗೆಯುವುದು ಆ ಪಟ್ಟಿಯನ್ನೇ.

ಈಗ ಲೆಕ್ಕ. ಆನ್‌ಲೈನ್‌ಗೆ ಶೇ 5, ಅಂಗಡಿಗೆ ಶೇ 1 ಕೊಡುವ ಕ್ಯಾಶ್‌ಬ್ಯಾಕ್ ಕಾರ್ಡ್ ಒಂದನ್ನು ತಗೊಂಡೆವು. 2022ರಲ್ಲಿ ಬಂದ ಎಸ್‌ಬಿಐ ಕ್ಯಾಶ್‌ಬ್ಯಾಕ್ ಕಾರ್ಡ್ ಈ ತರಹದ್ದು. 999 ರೂಪಾಯಿ ವಾರ್ಷಿಕ ಶುಲ್ಕ, ಮೇಲೆ ಶೇ 18 ಜಿಎಸ್‌ಟಿ, ವರ್ಷಕ್ಕೆ 2 ಲಕ್ಷ ಖರ್ಚು ದಾಟಿದರೆ ಶುಲ್ಕ ಮನ್ನಾ ಅಂತ ಅದು ಶುರುವಾಗಿತ್ತು. ಅಕ್ಕನ 12,000 ಆನ್‌ಲೈನ್ ಖರ್ಚಿಗೆ 600 ರೂಪಾಯಿ. ಅಂಗಡಿಯ 11,000ದಲ್ಲಿ ಕಾರ್ಡ್ ಉಜ್ಜುವ ಮಷಿನ್ ಇರುವ ಕಡೆ ಹೋಗುವುದು ಸುಮಾರು 5,000. ಮಿಕ್ಕಿದ್ದೆಲ್ಲ ತರಕಾರಿ, ಹೂವು, ಹಾಲು. ಆ 5,000ಕ್ಕೆ 50 ರೂಪಾಯಿ. ಒಟ್ಟು ತಿಂಗಳಿಗೆ 650, ವರ್ಷಕ್ಕೆ 7,800.

ಭಾವನ ಟ್ರಾವೆಲ್ ಕಾರ್ಡ್‌ಗೆ ವಾರ್ಷಿಕ ಶುಲ್ಕ 5,000. ಜಿಎಸ್‌ಟಿ ಸೇರಿ 5,900. ಆನ್‌ಲೈನ್‌ನ 12,000, ಅಂಗಡಿಯ 5,000 ಸೇರಿ ಅದೇ 17,000 ಖರ್ಚಿಗೆ ತಿಂಗಳಿಗೆ 340 ಮೈಲ್ಸ್, ವರ್ಷಕ್ಕೆ 4,080. ವರ್ಷಕ್ಕೊಮ್ಮೆ ಡೆಲ್ಲಿಯಲ್ಲಿರುವ ಮಗನ ಹತ್ತಿರ ಹೋಗಿ ಬರುವ ಟಿಕೆಟ್‌ಗಳು, ಹೋಟೆಲ್ ಎಲ್ಲ ಸೇರಿ 40,000 ಅಂದುಕೊಂಡರೆ 2,000 ಮೈಲ್ಸ್. ಒಟ್ಟು 6,080. ಒಂದು ಮೈಲ್‌ಗೆ 1 ರೂಪಾಯಿ ಹಿಡಿದರೆ, ಶುಲ್ಕ ಕಳೆದು ಕೈಗೆ ಉಳಿಯುವುದು 180 ರೂಪಾಯಿ. ಅದೇ 40,000ವನ್ನು ಕ್ಯಾಶ್‌ಬ್ಯಾಕ್ ಕಾರ್ಡ್‌ನಲ್ಲಿ ಆನ್‌ಲೈನ್ ಕಟ್ಟಿದ್ದರೂ 2,000 ರೂಪಾಯಿ ಸಿಗುತ್ತಿತ್ತು. ವರ್ಷದ ಖರ್ಚು 2 ಲಕ್ಷ ದಾಟುವುದರಿಂದ ಅದರ ಶುಲ್ಕವೂ ಮನ್ನಾ. ಅಂದರೆ ಆ ಕಡೆ 9,800, ಈ ಕಡೆ 180.

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೈಲ್ಸ್‌ನ ವಿಮಾನ ಕಂಪನಿಗೆ ವರ್ಗ ಮಾಡಿದ್ರೆ ಬೆಲೆ ಜಾಸ್ತಿ ಆಗತ್ತಂತೆ," ಅಂದರು. ಅದು ನಿಜ. ಕೆಲವು ಕಾರ್ಡ್‌ಗಳಲ್ಲಿ ಒಂದು ಮೈಲ್‌ಗೆ ವಿಮಾನ ಕಂಪನಿಯ 2 ಪಾಯಿಂಟ್ ಸಿಗುತ್ತದೆ. ಸರಿಯಾದ ದಿನಕ್ಕೆ ಸರಿಯಾದ ಸೀಟು ಹುಡುಕಿದರೆ, ಅದರಲ್ಲೂ ದೂರದ ದೇಶಕ್ಕೆ ಬಿಸಿನೆಸ್ ಕ್ಲಾಸ್ ಸೀಟಾದರೆ, ದುಡ್ಡು ಕೊಟ್ಟು ಕೊಳ್ಳಲು ಸಾಧ್ಯವೇ ಇಲ್ಲದಂಥ ಟಿಕೆಟ್ ಪಾಯಿಂಟ್‌ಗಳಲ್ಲಿ ಸಿಗುತ್ತದೆ. ಇದನ್ನೇ ಹವ್ಯಾಸ ಮಾಡಿಕೊಂಡವರು ನನ್ನ ಪರಿಚಯದಲ್ಲೂ ಇದ್ದಾರೆ. ಅವರ ತಾಳ್ಮೆ ಮೆಚ್ಚಬೇಕು. ರಾತ್ರಿ ಕೂತು ಸೀಟು ಹುಡುಕುತ್ತಾರೆ, ರಜೆಯನ್ನು ಸೀಟಿಗೆ ಹೊಂದಿಸುತ್ತಾರೆ. ಮಕ್ಕಳ ಪರೀಕ್ಷೆ ಮುಗಿದ ವಾರವೇ ಹೊರಡಬೇಕಾದ ಮನೆಗೆ ಅದು ಆಗದ ಮಾತು.

ಪಾಯಿಂಟ್ ಅನ್ನುವುದರಲ್ಲಿ ಇನ್ನೊಂದು ತೊಡಕಿದೆ. ಎಲ್ಲ ಪಾಯಿಂಟ್‌ಗಳ ಬೆಲೆ ಒಂದೇ ಅಲ್ಲ. ಕೆಲವು ಕಾರ್ಡ್‌ಗಳಲ್ಲಿ ಒಂದು ಪಾಯಿಂಟ್‌ಗೆ 25 ಪೈಸೆ, ಕೆಲವದರಲ್ಲಿ 50 ಪೈಸೆ, ಕೆಲವದರಲ್ಲಿ 1 ರೂಪಾಯಿ. ಒಂದೇ ಕಾರ್ಡ್‌ನ ಪಾಯಿಂಟ್‌ಗೂ ಎಲ್ಲಿ ಬಳಸುತ್ತೀರಿ ಅನ್ನುವುದರ ಮೇಲೆ ಬೆಲೆ ಬದಲಾಗುತ್ತದೆ. 150 ರೂಪಾಯಿಗೆ 4 ಪಾಯಿಂಟ್ ಅಂತ ಹೇಳುವ ಕಾರ್ಡ್ ಇದೆ ಅನ್ನಿ. ವಿಮಾನದ ಟಿಕೆಟ್‌ಗೆ ಬಳಸಿದರೆ ಪಾಯಿಂಟ್‌ಗೆ 50 ಪೈಸೆ, ಬಿಲ್ಲಿಗೆ ವಜಾ ಮಾಡಿಕೊಂಡರೆ 20 ಪೈಸೆ. ಮೊದಲನೆಯದರಲ್ಲಿ 100 ರೂಪಾಯಿಗೆ 1 ರೂಪಾಯಿ 33 ಪೈಸೆ, ಎರಡನೆಯದರಲ್ಲಿ 53 ಪೈಸೆ. ಕಾರ್ಡೂ ಅದೇ, ಖರ್ಚೂ ಅದೇ. ಅದಕ್ಕೇ ನಾನು ಯಾವ ಕಾರ್ಡ್ ನೋಡಿದರೂ 100 ರೂಪಾಯಿಗೆ ಎಷ್ಟು ಪೈಸೆ ಅಂತ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತೇನೆ. ಪಾಯಿಂಟ್ ಬಿಡಿಸಿಕೊಳ್ಳಲು 99 ರೂಪಾಯಿ ಮತ್ತು ಜಿಎಸ್‌ಟಿ ಅಂತ ಶುಲ್ಕ ಹಾಕುವ ಕಾರ್ಡ್‌ಗಳೂ ಇವೆ. ಅದನ್ನೂ ಪಕ್ಕದಲ್ಲೇ ಬರೆದುಕೊಳ್ಳಬೇಕು.

ಕ್ಯಾಶ್‌ಬ್ಯಾಕ್ ಅಂತ ಹೆಸರಿರುವುದೆಲ್ಲ ಕೈಗೆ ಬರುವ ದುಡ್ಡೂ ಅಲ್ಲ. ಅಮೆಜಾನ್ ಪೇ ಐಸಿಐಸಿಐ ಕಾರ್ಡ್‌ಗೆ ವಾರ್ಷಿಕ ಶುಲ್ಕ ಇಲ್ಲ. ಅಮೆಜಾನ್‌ನ ಪ್ರೈಮ್ ಸದಸ್ಯತ್ವ ಇರುವವರಿಗೆ ಅಲ್ಲಿನ ಖರೀದಿಗೆ ಶೇ 5, ಇಲ್ಲದವರಿಗೆ ಶೇ 3. ಆದರೆ ಆ ದುಡ್ಡು ಸೇರುವುದು ಅಮೆಜಾನ್ ಪೇ ಖಾತೆಗೆ. ಟಾಟಾ ನ್ಯೂ ಕಾರ್ಡ್‌ನಲ್ಲಿ ಬರುವುದು ನ್ಯೂಕಾಯಿನ್. ಒಂದು ಕಾಯಿನ್ ಒಂದು ರೂಪಾಯಿಗೆ ಸಮವೇ, ಆದರೆ ಅದು ಖರ್ಚಾಗುವುದು ಟಾಟಾ ಅಂಗಡಿಗಳಲ್ಲಿ. ಬಿಗ್‌ಬಾಸ್ಕೆಟ್, ಕ್ರೋಮಾ, ವೆಸ್ಟ್‌ಸೈಡ್‌ಗೆ ಹೇಗೂ ಹೋಗುವ ಮನೆಗೆ ಅದು ದುಡ್ಡೇ. ಹೋಗದ ಮನೆಗೆ ಅದು ಅಲ್ಲಿಗೆ ಹೋಗಲು ಒಂದು ನೆಪ.

ಇನ್ನು ಪಾಯಿಂಟ್‌ನ ಮೇಲೆ ಎಷ್ಟು ಭರವಸೆ ಇಡಬಹುದು ಅನ್ನುವ ಮಾತು. ನನ್ನನ್ನು ಕ್ಯಾಶ್‌ಬ್ಯಾಕ್ ಕಡೆಗೆ ವಾಲಿಸಿದ ಮುಖ್ಯ ಕಾರಣ ಇದೇ. ಪಾಯಿಂಟ್‌ನ ಬೆಲೆ ನಿಗದಿ ಮಾಡುವುದು ಬ್ಯಾಂಕ್. ಅದನ್ನು ಬದಲಾಯಿಸುವುದೂ ಬ್ಯಾಂಕೇ. ಆಕ್ಸಿಸ್ ಬ್ಯಾಂಕ್‌ನ ಮ್ಯಾಗ್ನಸ್ ಕಾರ್ಡ್ ಒಂದು ಕಾಲಕ್ಕೆ ಮೈಲ್ಸ್ ಪ್ರಿಯರ ಕಣ್ಮಣಿಯಾಗಿತ್ತು. ತಿಂಗಳಿಗೆ 1 ಲಕ್ಷ ಖರ್ಚು ಮಾಡಿದರೆ 25,000 ಪಾಯಿಂಟ್ ಹೆಚ್ಚುವರಿಯಾಗಿ ಬರುತ್ತಿತ್ತು. 2023ರ ಸೆಪ್ಟೆಂಬರ್ 1ರಿಂದ ಅದು ನಿಂತಿತು. ಅಲ್ಲಿಯವರೆಗೆ 5 ಪಾಯಿಂಟ್ ಕೊಟ್ಟರೆ ವಿಮಾನ ಕಂಪನಿಯ 4 ಪಾಯಿಂಟ್ ಸಿಗುತ್ತಿತ್ತು, ಆಮೇಲೆ 2 ಆಯಿತು. ಕೂಡಿಟ್ಟವರ ಪಾಯಿಂಟ್‌ನ ಸಂಖ್ಯೆ ಹಾಗೇ ಇತ್ತು, ಬೆಲೆ ಅರ್ಧಕ್ಕೆ ಇಳಿಯಿತು. ನಿಯಮದ ಪ್ರಕಾರ ಮೊದಲೇ ತಿಳಿಸಿಯೇ ಮಾಡಿದ್ದು, ಅದರಲ್ಲಿ ತಪ್ಪಿಲ್ಲ. ಆದರೆ ಬಿಸಿನೆಸ್ ಕ್ಲಾಸ್‌ನಲ್ಲಿ ಹೋಗಬೇಕು ಅಂತ ವರ್ಷಗಟ್ಟಲೆ ಕೂಡಿಟ್ಟವರಿಗೆ ಹೇಗಾಗಿರಬೇಡ?

ಬೆಂಗಳೂರಿನವರಿಗೆ ಇದು ಹೊಸ ಪಾಠವೂ ಅಲ್ಲ. ಇದೇ ಊರಿನ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿದಾಗ, ಕಿಂಗ್ ಕ್ಲಬ್ ಮೈಲ್ಸ್ ಕೂಡಿಟ್ಟವರ ಕೈಯಲ್ಲಿ ಬರೀ ಅಂಕಿ ಉಳಿಯಿತು. ವಿಸ್ತಾರಾ 2024ರ ನವೆಂಬರ್ 12ರಂದು ಏರ್ ಇಂಡಿಯಾ ಜೊತೆ ಸೇರಿತು. ಅದರ ಪಾಯಿಂಟ್‌ಗಳು ಏರ್ ಇಂಡಿಯಾಗೆ ವರ್ಗವಾದವು, ಪುಣ್ಯ. ಆದರೆ ವಿಸ್ತಾರಾ ಹೆಸರಿನಲ್ಲಿ ಫ್ರೀ ಟಿಕೆಟ್ ಕೊಡುತ್ತಿದ್ದ ಕಾರ್ಡ್‌ಗಳ ಕಾಲ ಮುಗಿಯಿತು. ಕ್ಯಾಶ್‌ಬ್ಯಾಕ್‌ನ ದರವನ್ನೂ ಬ್ಯಾಂಕ್‌ಗಳು ಇಳಿಸುತ್ತವೆ, ತಿಂಗಳಿಗೆ ಇಷ್ಟೇ ಅಂತ ಮಿತಿ ಹಾಕುತ್ತವೆ. ಆದರೆ ಹೋದ ತಿಂಗಳು ಬಿಲ್ಲಿನಲ್ಲಿ ವಜಾ ಆದ 650 ರೂಪಾಯಿಯನ್ನು ಯಾರೂ ಅರ್ಧ ಮಾಡಲಾಗುವುದಿಲ್ಲ. ಪಾಯಿಂಟ್ ಕಾರ್ಡ್ ಇಟ್ಟುಕೊಂಡವರಿಗೆ ನಾನು ಹೇಳುವುದು ಇಷ್ಟೇ: ಕೂಡಿಡಬೇಡಿ, ಬಂದ ಹಾಗೆ ಬಳಸಿ.

ಈ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದೂ ಗೊತ್ತಿರಬೇಕು. ಅಂಗಡಿಯಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿದಾಗ ಅಂಗಡಿಯವರು ಬಿಲ್ಲಿನ ಸುಮಾರು ಶೇ 2ರಷ್ಟನ್ನು ಶುಲ್ಕವಾಗಿ ಕೊಡುತ್ತಾರೆ. ಅದರ ದೊಡ್ಡ ಪಾಲು ಕಾರ್ಡ್ ಕೊಟ್ಟ ಬ್ಯಾಂಕ್‌ಗೆ. ಅದರಲ್ಲಿ ಒಂದು ಭಾಗ ನಮಗೆ ಕ್ಯಾಶ್‌ಬ್ಯಾಕ್ ಆಗಿ ಬರುತ್ತದೆ. ಚಿಕ್ಕಪೇಟೆಯಲ್ಲೋ ಅವೆನ್ಯೂ ರಸ್ತೆಯಲ್ಲೋ "ಕಾರ್ಡ್ ಆದ್ರೆ 2 ಪರ್ಸೆಂಟ್ ಜಾಸ್ತಿ ಆಗತ್ತೆ ಮೇಡಂ" ಅನ್ನುತ್ತಾರಲ್ಲ, ಅವರು ಆ ಶುಲ್ಕವನ್ನು ನಮ್ಮ ಮೇಲೆ ಹಾಕುತ್ತಿದ್ದಾರೆ. ಅಲ್ಲಿ ಶೇ 1 ಕ್ಯಾಶ್‌ಬ್ಯಾಕ್‌ಗೋಸ್ಕರ ಶೇ 2 ಕೊಡುವುದರಲ್ಲಿ ಅರ್ಥವಿಲ್ಲ. ನಗದು ಕೊಟ್ಟು, ಬಿಲ್ ಕೇಳಿ ತಗೊಳ್ಳಿ.

ಯುಪಿಐ ವಿಷಯವೂ ಇದಕ್ಕೇ ಹೊಂದಿಕೊಂಡಿದೆ. ರೂಪೇ ಕ್ರೆಡಿಟ್ ಕಾರ್ಡ್‌ಗಳನ್ನು ಯುಪಿಐಗೆ ಜೋಡಿಸಬಹುದು ಅಂತ ಆದದ್ದು 2022ರಲ್ಲಿ. ಕ್ಯೂಆರ್ ಸ್ಕ್ಯಾನ್ ಮಾಡಿ, ದುಡ್ಡು ಬ್ಯಾಂಕ್ ಖಾತೆಯಿಂದ ಹೋಗುವ ಬದಲು ಕ್ರೆಡಿಟ್ ಕಾರ್ಡ್‌ನಿಂದ ಹೋಗುವಂತೆ ಮಾಡಬಹುದು. ಅಂಗಡಿಯ ಕ್ಯೂಆರ್‌ಗೆ ಮಾತ್ರ. ತಮ್ಮನಿಗೆ ದುಡ್ಡು ಕಳಿಸಲು ಆಗುವುದಿಲ್ಲ. ಅಕ್ಕನಿಗೆ ಇದು ಬಹಳ ಇಷ್ಟವಾಯಿತು, ದಿನಸಿ ಅಂಗಡಿಗೆ ಕಾರ್ಡ್ ಒಯ್ಯುವುದೇ ಬೇಡ ಅಂತ. ಆದರೆ ಸಣ್ಣ ವ್ಯಾಪಾರಿಗಳಿಂದ 2,000 ರೂಪಾಯಿವರೆಗಿನ ಇಂಥ ಪಾವತಿಗೆ ಶುಲ್ಕ ತಗೊಳ್ಳುವ ಹಾಗಿಲ್ಲ. ಬ್ಯಾಂಕ್‌ಗೆ ಆದಾಯವೇ ಇಲ್ಲದ ಕಡೆ ನಮಗೆ ಎಲ್ಲಿಂದ ಕೊಡುತ್ತಾರೆ? ಹಾಗಾಗಿ ಯುಪಿಐ ಖರ್ಚಿಗೆ ಪಾಯಿಂಟ್ ಕಡಿಮೆ, ಮಿತಿ ಜಾಸ್ತಿ. ಇದಲ್ಲದೆ 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ಯುಪಿಐ ಇಲ್ಲ, ಕ್ಯಾಶ್ ಮಾತ್ರ ಅನ್ನುವ ಬೋರ್ಡ್ ತೂಗಿದವು. ಹಾಲು, ಸೊಪ್ಪಿನ ಖರ್ಚನ್ನು ಕಾರ್ಡ್‌ನ ಲಾಭದ ಲೆಕ್ಕಕ್ಕೆ ಸೇರಿಸದೇ ಇರುವುದೇ ಒಳ್ಳೆಯದು. ಸಿಕ್ಕರೆ ಸಿಗಲಿ.

ಈಗ ಪ್ರಯಾಣ. ಲೌಂಜ್‌ನಿಂದ ಶುರು ಮಾಡುತ್ತೇನೆ, ಯಾಕಂದರೆ ಎಲ್ಲರ ಆಸೆಯೂ ಅದರ ಮೇಲೇ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬೆಳಗಿನ ಜಾವದ ವಿಮಾನಗಳ ಹೊತ್ತಿಗೆ ಲೌಂಜ್ ಮುಂದೆ ಸಾಲು ನಿಂತಿರುತ್ತದೆ. ಒಮ್ಮೆ ನನ್ನ ಮುಂದೆ ವಯಸ್ಸಾದ ಗಂಡ ಹೆಂಡತಿ ಇದ್ದರು. ಕೌಂಟರ್‌ನ ಹುಡುಗಿ ಅವರ ಕಾರ್ಡ್ ಉಜ್ಜಿದಳು. ಒಳಗೆ ಬಿಡುವ ಮೊದಲು ಮಷಿನ್‌ನಲ್ಲಿ ಎರಡು ರೂಪಾಯಿ ಕಡಿತವಾಗಬೇಕು, ಆಗಲಿಲ್ಲ. ಮತ್ತೆ ಉಜ್ಜಿದಳು. ಚೀಟಿ ಹೊರಗೆ ಬಂತು, ಅದನ್ನು ಓದಿ ತಲೆಯಾಡಿಸಿದಳು.

"ಸಾರಿ ಸರ್, ಈ ಕಾರ್ಡ್‌ಗೆ ಈಗ ಬರಲ್ಲ."

"ಹೋದ ವರ್ಷ ಬಿಟ್ಟಿದ್ರಲ್ಲಮ್ಮ?"

"ಹೋದ ಕ್ವಾರ್ಟರ್‌ನಲ್ಲಿ ಖರ್ಚು ಸಾಲದು ಅಂತ ಇರುತ್ತೆ ಸರ್. ಬ್ಯಾಂಕ್‌ನ ಕೇಳಿ."

ಅವರು ಕಾರ್ಡ್ ತಗೊಂಡು ಅಂಗಿಯ ಜೇಬಿಗೆ ಹಾಕಿಕೊಂಡು, ಹೆಂಡತಿಯ ಕಡೆ ತಿರುಗಿ, "ಬಾ, ಹೊರಗೇ ಕಾಫಿ ಕುಡಿಯೋಣ," ಅಂದರು. ಅವರದ್ದೇನೂ ತಪ್ಪಿರಲಿಲ್ಲ. ನಿಯಮ ಬದಲಾಗಿತ್ತು. ಉದಾಹರಣೆಗೆ ಐಸಿಐಸಿಐ ಬ್ಯಾಂಕ್ 2024ರ ಏಪ್ರಿಲ್‌ನಿಂದ ತನ್ನ ಹಲವು ಕಾರ್ಡ್‌ಗಳಿಗೆ ಹಿಂದಿನ ಮೂರು ತಿಂಗಳಲ್ಲಿ 35,000 ರೂಪಾಯಿ ಖರ್ಚಾಗಿರಬೇಕು ಅನ್ನುವ ಷರತ್ತು ಹಾಕಿತು. ಬೇರೆ ಬ್ಯಾಂಕ್‌ಗಳೂ ತಮ್ಮ ತಮ್ಮ ಲೆಕ್ಕದಲ್ಲಿ ಇಂಥದ್ದೇ ಷರತ್ತು ತಂದಿವೆ. ಲೌಂಜ್‌ಗೋಸ್ಕರ ಕಾರ್ಡ್ ತಗೊಳ್ಳುವವರು ತಾವು ವರ್ಷಕ್ಕೆ ಎಷ್ಟು ಸಲ ವಿಮಾನ ಹತ್ತುತ್ತೇವೆ ಅಂತ ಎಣಿಸಿ, ಒಂದು ಸಲದ ತಿಂಡಿ ಕಾಫಿಗೆ ಇಷ್ಟು ಅಂತ ಬೆಲೆ ಕಟ್ಟಿ, ಅದನ್ನು ವಾರ್ಷಿಕ ಶುಲ್ಕದ ಪಕ್ಕ ಇಟ್ಟು ನೋಡಬೇಕು. ಕೆಲಸದ ಮೇಲೆ ವಾರ ವಾರ ಹುಬ್ಬಳ್ಳಿ, ಮುಂಬೈ, ಡೆಲ್ಲಿ ಅಂತ ಓಡಾಡುವವರಿಗೆ ಅದು ನಿಜವಾದ ಸೌಲಭ್ಯ. ಟಿಕೆಟ್, ಹೋಟೆಲ್ ಎಲ್ಲ ತಮ್ಮ ಕಾರ್ಡ್‌ನಲ್ಲಿ ಕಟ್ಟಿ ಆಮೇಲೆ ಕಂಪನಿಯಿಂದ ವಾಪಸ್ ಪಡೆಯುವವರಿಗಂತೂ ಟ್ರಾವೆಲ್ ಕಾರ್ಡ್ ಹೇಳಿ ಮಾಡಿಸಿದ್ದು. 5,000 ಶುಲ್ಕ ಅವರಿಗೆ ಲೆಕ್ಕಕ್ಕೇ ಇಲ್ಲ.

ಟ್ರಾವೆಲ್ ಕಾರ್ಡ್ ಬೇಕಾದ ಇನ್ನೊಂದು ಗುಂಪು ಇದೆ. ಅವರ ಬಗ್ಗೆ ಯಾರೂ ಜಾಸ್ತಿ ಬರೆಯುವುದಿಲ್ಲ. ಮಗನದ್ದೋ ಮಗಳದ್ದೋ ಮನೆಗೆ ಅಂತ ಅಮೆರಿಕಕ್ಕೆ ಹೋಗಿ ತಿಂಗಳುಗಟ್ಟಲೆ ಇರುವ ಅಪ್ಪ ಅಮ್ಮಂದಿರು. ಬಾಣಂತನಕ್ಕೆ ಹೋಗುವವರು. ಬೆಂಗಳೂರು, ಮೈಸೂರು, ಮಂಗಳೂರಿನ ಎಷ್ಟು ಮನೆಗಳಲ್ಲಿ ಈ ಮಾತು ಇಲ್ಲ ಹೇಳಿ? ಇವರಿಗೆ ಲೌಂಜ್‌ಗಿಂತ, ಮೈಲ್ಸ್‌ಗಿಂತ ಮುಖ್ಯವಾದದ್ದು ಫಾರೆಕ್ಸ್ ಮಾರ್ಕಪ್. ನಮ್ಮ ಸಾಮಾನ್ಯ ಕಾರ್ಡ್‌ನಲ್ಲಿ ಡಾಲರ್ ಖರ್ಚು ಮಾಡಿದರೆ ಬ್ಯಾಂಕ್ ಅದರ ಮೇಲೆ ಶೇ 3.5ರಷ್ಟು ಹಾಕುತ್ತದೆ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. ಒಟ್ಟು ಶೇ 4.13. ಅಲ್ಲಿದ್ದಾಗ 2 ಲಕ್ಷ ರೂಪಾಯಿ ಖರ್ಚಾದರೆ 8,260 ರೂಪಾಯಿ ಸುಮ್ನೆ ಹೋಗುತ್ತದೆ. ಮೊಮ್ಮಗುವಿಗೆ ಏನಾದರೂ ತಗೊಳ್ಳಬಹುದಾದ ದುಡ್ಡು. ಮಾರ್ಕಪ್ ಸೊನ್ನೆ ಇರುವ ಕಾರ್ಡ್‌ಗಳು ಈಗ ನಮ್ಮಲ್ಲೇ ಇವೆ. ಫೆಡರಲ್ ಬ್ಯಾಂಕ್ ಜೊತೆ ಬಂದ ಸ್ಕೇಪಿಯಾ ಅವುಗಳಲ್ಲಿ ಒಂದು, ಅದಕ್ಕೆ ವಾರ್ಷಿಕ ಶುಲ್ಕವೂ ಇಲ್ಲ. ಹೊರಡುವ ಎರಡು ಮೂರು ತಿಂಗಳ ಮೊದಲೇ ಇಂಥದ್ದೊಂದಕ್ಕೆ ಅರ್ಜಿ ಹಾಕಿಡಬೇಕು.

ನನ್ನ ಗೆಳತಿಯ ಅಪ್ಪ ಅಮ್ಮ ಹೊರಟಾಗ ನಾನು ಬರೆದುಕೊಟ್ಟ ಚೀಟಿಯಲ್ಲಿ ಇನ್ನೂ ಕೆಲವು ವಿಷಯ ಇದ್ದವು. ಹೊಸ ಕಾರ್ಡ್‌ಗಳಲ್ಲಿ ವಿದೇಶದ ಬಳಕೆ ಬಂದ್ ಆಗಿರುತ್ತದೆ. 2020ರ ಅಕ್ಟೋಬರ್‌ನಿಂದ ಆರ್‌ಬಿಐ ನಿಯಮ ಹಾಗಿದೆ. ಬ್ಯಾಂಕ್‌ನ ಆ್ಯಪ್‌ನಲ್ಲಿ ನಾವೇ ಅದನ್ನು ಆನ್ ಮಾಡಿಕೊಳ್ಳಬೇಕು. ವಿಮಾನ ಹತ್ತುವ ಮೊದಲೇ ಮಾಡಿಕೊಳ್ಳಿ ಅಂದೆ, ಅಲ್ಲಿಗೆ ಹೋದ ಮೇಲೆ ನಮ್ಮ ನಂಬರ್‌ಗೆ ಓಟಿಪಿ ಬರುತ್ತದೋ ಇಲ್ಲವೋ ಅನ್ನುವ ತಲೆನೋವು ಇರುತ್ತದೆ. ಅಲ್ಲಿನ ಮಷಿನ್ "ರೂಪಾಯಿಯಲ್ಲಿ ಕಟ್ಟುತ್ತೀರಾ, ಡಾಲರ್‌ನಲ್ಲಾ?" ಅಂತ ಕೇಳಿದರೆ ಡಾಲರ್ ಅನ್ನಿ. ರೂಪಾಯಿ ಅಂದರೆ ಆ ಅಂಗಡಿಯ ಕಡೆಯವರು ತಮಗೆ ಬೇಕಾದ ದರ ಹಾಕುತ್ತಾರೆ. ಬರೀ ರೂಪೇ ಕಾರ್ಡ್ ನಂಬಿಕೊಂಡು ಹೋಗಬೇಡಿ. ನಮ್ಮವರಿಗೆ ಅಚ್ಚುಮೆಚ್ಚಾದ ಕಾಸ್ಟ್ಕೋ ಇದೆಯಲ್ಲ, ಅಮೆರಿಕದ ಅದರ ಮಳಿಗೆಗಳಲ್ಲಿ ಕ್ರೆಡಿಟ್ ಕಾರ್ಡ್ ಅಂದರೆ ವೀಸಾ ಮಾತ್ರ ನಡೆಯುತ್ತದೆ. ವಿದೇಶದಲ್ಲಿ ಕಾರ್ಡ್ ಬಳಸಿದರೆ ಶೇ 20 ತೆರಿಗೆ ಹಿಡಿಯುತ್ತಾರಂತೆ ಅನ್ನುವ ಭಯ ಅವರಿಗೆ ಇತ್ತು. 2023ರ ಮೇ ತಿಂಗಳಲ್ಲಿ ಸರ್ಕಾರ ಅಂಥದ್ದೊಂದು ಘೋಷಣೆ ಮಾಡಿದ್ದು ಹೌದು. ಜೂನ್ ಕೊನೆಗೇ ಅದನ್ನು ಮುಂದೂಡಿತು, ವಿದೇಶದಲ್ಲಿದ್ದಾಗ ಕ್ರೆಡಿಟ್ ಕಾರ್ಡ್‌ನಲ್ಲಿ ಮಾಡುವ ಖರ್ಚಿಗೆ ಅದು ಜಾರಿಯಾಗಲಿಲ್ಲ.

ಇಷ್ಟೆಲ್ಲ ಹೇಳಿದ್ದು ಬಿಲ್ಲನ್ನು ಪೂರ್ತಿ ಕಟ್ಟುವವರಿಗೆ ಮಾತ್ರ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಬಿಲ್ಲಿನಲ್ಲಿ ಪೂರ್ತಿ ಮೊತ್ತದ ಪಕ್ಕದಲ್ಲೇ ಕನಿಷ್ಠ ಮೊತ್ತ ಅಂತ ಒಂದು ಸಣ್ಣ ಅಂಕಿ ಇರುತ್ತದೆ. 20,000 ರೂಪಾಯಿ ಬಿಲ್ಲಿಗೆ 1,000 ಕಟ್ಟಿದರೆ ಸಾಕು ಅನ್ನಿಸುತ್ತದೆ. ತಡವಾದ ಶುಲ್ಕ ತಪ್ಪುತ್ತದೆ, ಅಷ್ಟೇ. ಬಡ್ಡಿ ತಿಂಗಳಿಗೆ ಶೇ 3.75ರವರೆಗೂ ಇದೆ. ವರ್ಷಕ್ಕೆ ಶೇ 45. ಅದೂ ಖರೀದಿ ಮಾಡಿದ ದಿನದಿಂದಲೇ ಎಣಿಕೆ. ಬಡ್ಡಿಯಿಲ್ಲದ 45, 50 ದಿನಗಳ ಸೌಲಭ್ಯ ಹೊಸ ಖರೀದಿಗೂ ಸಿಗದೆ ಹೋಗುತ್ತದೆ. 20,000 ರೂಪಾಯಿಗೆ ಒಂದು ತಿಂಗಳ ಬಡ್ಡಿ 750, ಅದರ ಮೇಲೆ ಜಿಎಸ್‌ಟಿ 135, ಒಟ್ಟು 885. ಅಕ್ಕನ ಒಂದು ತಿಂಗಳ ಕ್ಯಾಶ್‌ಬ್ಯಾಕ್ 650 ಅಂತ ಲೆಕ್ಕ ಹಾಕಿದೆವಲ್ಲ, ಅದು ಪೂರ್ತಿ ಹೋಗಿ ಮೇಲೆ 235 ನಾವೇ ಕೊಡಬೇಕು.

ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಶೇ 30ಕ್ಕಿಂತ ಜಾಸ್ತಿ ಬಡ್ಡಿ ಹಾಕಬಾರದು ಅಂದಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಈಗ ಅಂಥ ಮೇಲ್ಮಿತಿಯ ರಕ್ಷಣೆ ಇಲ್ಲ. ನನಗೆ ಬರುವ ಕ್ಯಾಶ್‌ಬ್ಯಾಕ್‌ನಲ್ಲಿ ಒಂದಷ್ಟು, ಕನಿಷ್ಠ ಮೊತ್ತ ಕಟ್ಟುತ್ತಾ ಸಿಕ್ಕಿಹಾಕಿಕೊಂಡವರ ಬಡ್ಡಿಯಿಂದ ಬಂದದ್ದು ಅನ್ನುವುದು ನನ್ನನ್ನು ಕಾಡುತ್ತದೆ. ನಮ್ಮ ಆಫೀಸಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಮೊದಲ ಸಂಬಳದ ಜೊತೆಗೇ ಕಾರ್ಡ್ ತಗೊಳ್ಳುತ್ತಾರೆ. ಯಾವ ಕಾರ್ಡ್ ಅಂತ ಕೇಳಿಕೊಂಡು ಬಂದವರಿಗೆಲ್ಲ ನಾನು ಮೊದಲು ಆಟೊ ಪೇ ಹಾಕಿಸುತ್ತೇನೆ, ಅಂದರೆ ಬಿಲ್ಲಿನ ದುಡ್ಡು ಖಾತೆಯಿಂದ ತಾನಾಗಿಯೇ ಹೋಗುವ ಹಾಗೆ. ಪೂರ್ತಿ ಮೊತ್ತಕ್ಕೆ ಹಾಕಿಸಬೇಕು. ಬ್ಯಾಂಕ್ ಆ್ಯಪ್‌ನಲ್ಲಿ ಕನಿಷ್ಠ ಮೊತ್ತದ ಆಯ್ಕೆಯೂ ಪಕ್ಕದಲ್ಲೇ ಇರುತ್ತದೆ, ಕಣ್ಣಿಟ್ಟು ನೋಡಿ. ಖಾತೆಯಲ್ಲಿ ಅಷ್ಟು ದುಡ್ಡು ಉಳಿಯುವುದಿಲ್ಲ ಅಂತಾದರೆ, ಶೇ 5 ಅಲ್ಲ, ಶೇ 10 ಕೊಟ್ಟರೂ ಆ ಕಾರ್ಡ್ ಈಗ ಬೇಡ. ಯುಪಿಐ ಸಾಕು, ಡೆಬಿಟ್ ಕಾರ್ಡ್ ಸಾಕು.

ಕಾರ್ಡ್ ಎಷ್ಟು ಇರಬೇಕು ಅಂತಲೂ ಕೇಳುತ್ತಾರೆ. ಒಂದು ಅಥವಾ ಎರಡು. ಮೂರನೆಯದು ಬಂದ ಮೇಲೆ ಯಾವುದರ ಬಿಲ್ ಯಾವ ತಾರೀಖಿಗೆ ಅನ್ನುವುದೇ ಒಂದು ಕೆಲಸ. ಒಂದೇ ಸಲ ನಾಲ್ಕು ಕಡೆ ಅರ್ಜಿ ಹಾಕಿದರೆ, ಸಾಲ ಕೊಡುವ ಮೊದಲು ಬ್ಯಾಂಕ್‌ಗಳು ನೋಡುವ ಸಿಬಿಲ್ ಸ್ಕೋರ್‌ಗೂ ಒಳ್ಳೆಯದಲ್ಲ. ಬೇಡವಾದದ್ದನ್ನು ಮುಚ್ಚುವುದಕ್ಕೆ ಹಿಂಜರಿಯಬೇಡಿ. 2022ರ ಆರ್‌ಬಿಐ ನಿರ್ದೇಶನದ ಪ್ರಕಾರ, ಬಾಕಿ ಏನೂ ಇಲ್ಲದಿದ್ದರೆ, ಕೇಳಿಕೊಂಡ 7 ಕೆಲಸದ ದಿನಗಳ ಒಳಗೆ ಬ್ಯಾಂಕ್ ಕಾರ್ಡ್ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ನಮಗೆ ಕೊಡಬೇಕು. ಫೋನಿನಲ್ಲಿ ಎಷ್ಟೇ ಪುಸಲಾಯಿಸಿದರೂ, ಒಂದು ಇಮೇಲ್‌ನಲ್ಲಿ ಬರೆದು ಹಾಕಿಬಿಡಿ. ಇದ್ದ ಪಾಯಿಂಟ್ ಬಳಸಿಕೊಂಡ ಮೇಲೆ ಬರೆಯಿರಿ.

ಅಕ್ಕ ಭಾವ ಕೊನೆಗೆ ಕ್ಯಾಶ್‌ಬ್ಯಾಕ್ ಕಾರ್ಡ್ ತಗೊಂಡರು. ಅದರ ವಾರ್ಷಿಕ ಶುಲ್ಕ ಬೀಳುವುದು ನವೆಂಬರ್‌ನಲ್ಲಿ. ಅಕ್ಟೋಬರ್ ಮೊದಲ ವಾರಕ್ಕೆ ಅಕ್ಕನ ಫೋನಿನಲ್ಲಿ ರಿಮೈಂಡರ್ ಹಾಕಿಟ್ಟಿದ್ದೇವೆ. ಆ ಹೊತ್ತಿಗೆ ಖರ್ಚು 2 ಲಕ್ಷಕ್ಕೆ ಸ್ವಲ್ಪ ಕಡಿಮೆ ಇದ್ದರೆ, ಹೇಗೂ ತಗೊಳ್ಳಲೇಬೇಕಾದ ದೀಪಾವಳಿ ಬಟ್ಟೆಯನ್ನು ಅದರಲ್ಲೇ ತಗೊಳ್ಳುತ್ತಾಳಂತೆ. ತುಂಬಾ ಕಡಿಮೆ ಇದ್ದರೆ 1,179 ರೂಪಾಯಿ ಶುಲ್ಕ ಕಟ್ಟಿಬಿಡುವುದು ಅಂತ ತೀರ್ಮಾನ. ಆಗಲೂ ಅವಳ ಲೆಕ್ಕದಲ್ಲಿ ವರ್ಷಕ್ಕೆ ನಾಲ್ಕೈದು ಸಾವಿರವಾದರೂ ಉಳಿಯುತ್ತದೆ.